ಮಾಸ್ಕಿನೊಳಗಿನ ಟೋಪಿ

ಮೂವತ್ತು ತುಂಬುವ ಮೊದಲೇ ನನ್ನ ತಲೆ ಹಪ್ಪಳ ಒಣಗಿಸುವಷ್ಟು ಬಯಲಾಗಿತ್ತು. ತೊಂಬತ್ತರ ದಶಕದ ಕೊನೆ. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ತಲೆ ನೋಡಿ ಇಬ್ಬರು ಹುಡುಗಿಯರು ಆಗಲೇ ಬೇಡವೆಂದಿದ್ದರು. ಹಾಗಾಗಿ ಗೆಂಡೆಹಳ್ಳಿಯ ಹುಡುಗಿಯ ಮನೆಗೆ ನಮ್ಮ ಭಾವ ನಾನು ಟೋಪಿ ಇಟ್ಟುಕೊಂಡಿದ್ದ ಫೋಟೋ ಕಳಿಸಿದರು. ಹುಡುಗ ಲಕ್ಷಣವಾಗಿದ್ದಾನೆ ಅಂತ ಸುದ್ದಿ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ವಾರವೇ ಬೇಲೂರಿನಲ್ಲಿ ಶಾಲೆಗಳ ಬೇಸ್‌ಬಾಲ್ ಪಂದ್ಯ. ನಾನು ಪ್ಲೇಟ್ ಅಂಪೈರ್. ಬ್ಯಾಟ್ ಬೀಸುವವನ ಮುಂದೆ ನೆಲದಲ್ಲಿರುವ ಬಿಳಿ ಹಲಗೆಯೇ ಪ್ಲೇಟ್, ಮೈದಾನ ಸುತ್ತಿ ಬಂದು ಅದನ್ನು ಮುಟ್ಟಿದರೆ ಒಂದು ಓಟ. ಅಲ್ಲಿ ಚೆಂಡು ಹಿಡಿಯುವ ಕ್ಯಾಚರ್ ಹುಡುಗನ ಬೆನ್ನ ಹಿಂದೆ ಬಗ್ಗಿ ನಿಲ್ಲುವ ಕೆಲಸ. ಚೆಂಡು ಮುಖಕ್ಕೆ ಬಡಿಯದಂತೆ ಕಬ್ಬಿಣದ ಸರಳಿನ ಮಾಸ್ಕ್, ಅದರೊಳಗೆ ಟೋಪಿ. ಚೆಂಡಿಗೆ ಏಟು ಬಿದ್ದ ಕೂಡಲೇ ಎಡಗೈಯಲ್ಲಿ ಮಾಸ್ಕ್ ಕಿತ್ತು ನೋಡಬೇಕು. ಅದಕ್ಕೆ ಮುಂದಿನ ಅಂಚು ಗಿಡ್ಡ ಇರುವ ಟೋಪಿಯೇ ಆಗಬೇಕು. ನಮ್ಮೂರಲ್ಲಿ ಸಿಗುತ್ತಿದ್ದದ್ದು ಉದ್ದ ಅಂಚಿನ ಕ್ರಿಕೆಟ್ ಟೋಪಿ. ಮಾಸ್ಕ್ ಎತ್ತಿದರೆ ಅದೂ ಜೊತೆಗೇ ಎದ್ದು ಬರುತ್ತಿತ್ತು.

ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿದ್ದ ಟೋಪಿಗಳನ್ನೆಲ್ಲ ಇಳಿಸಿದೆ. ಒಂದೊಂದರ ಮೇಲೂ ಮಾಸ್ಕ್ ಹಾಕಿ, ಕಿತ್ತು, ಕನ್ನಡಿಗೆ "ಔಟ್!" ಎಂದು ಕೂಗಿದೆ.

"ಸಾರ್, ಟೋಪಿ ತಗೊಳ್ಳೋಕೆ ಬಂದ್ರೋ, ಮೈಮೇಲೆ ದೇವರು ಬಂತೋ?" ಎಂದ ಅಂಗಡಿಯವನು.

ಕೊನೆಗೆ ಮಕ್ಕಳ ಅಳತೆಯದೊಂದನ್ನು ಆರಿಸಿದೆ. ಅದೆಷ್ಟು ಬಿಗಿಯೆಂದರೆ, ತೆಗೆದಿಟ್ಟ ಮೇಲೂ ತಲೆಯ ಮೇಲೇ ಇದ್ದಂತೆ ಅನಿಸುತ್ತಿತ್ತು.

ಪಂದ್ಯದ ನಡುವೆ ಭಾವ ಏದುಸಿರು ಬಿಡುತ್ತಾ ಬಂದರು. "ಹುಡುಗಿ, ಅವರಪ್ಪ ಇಬ್ರೂ ಬಂದವ್ರೆ ಕಣೋ! ದೇವಸ್ಥಾನದ ನೆಪ ಹೇಳ್ಕೊಂಡು ನಿನ್ನ ನೋಡೋಕೆ ಬಂದಿರೋದು. ಅಗೋ, ಬೇಲಿ ಹತ್ರ. ಟೋಪಿ ಜೋಪಾನ!"

ಕಳ್ಳನೋಟದಲ್ಲಿ ನೋಡಿದೆ. ಹಸಿರು ಸೀರೆ. ಅಲ್ಲಿಂದಾಚೆ ನಾನು ಮಾಸ್ಕ್ ಮುಟ್ಟಲೇ ಇಲ್ಲ. ಸರಳಿನ ಸಂದಿಯಲ್ಲೇ ಆಟ ನೋಡಿದೆ.

ಕೊನೆಯ ಘಳಿಗೆ. ಗೆಲ್ಲುವ ಓಟ ಓಡುತ್ತಿದ್ದ ಹುಡುಗ ಪ್ಲೇಟಿಗೆ ಜಾರಿದ. ಧೂಳೋ ಧೂಳು. ಸರಳಿನೊಳಗಿಂದ ಏನೂ ಕಾಣಲಿಲ್ಲ. ತಪ್ಪು ತೀರ್ಪು ಕೊಟ್ಟರೆ ಮಕ್ಕಳ ಆಟವೇ ಹಾಳು. ಮಾಸ್ಕ್ ಕಿತ್ತೇಬಿಟ್ಟೆ. ಅವನು ಪ್ಲೇಟ್ ಮುಟ್ಟುವ ಮೊದಲೇ ಕ್ಯಾಚರ್‌ನ ಚೆಂಡಿದ್ದ ಗ್ಲೌಸು ಅವನ ಕಾಲಿಗೆ ತಾಗಿದ್ದು ಕಂಡಿತು. "ಔಟ್!" ಎಂದು ಬಲಗೈ ಎತ್ತಿ ನಿಂತೆ.

ಮೈದಾನವೆಲ್ಲ ಗೊಳ್ಳೆಂದು ನಕ್ಕಿತು. ಎಳೆದ ರಭಸಕ್ಕೆ ಅಷ್ಟು ಬಿಗಿ ಟೋಪಿಯೂ ಮಾಸ್ಕಿನ ಜೊತೆಗೇ ಕಿತ್ತುಬಂದು ಧೂಳಿನಲ್ಲಿ ಬಿದ್ದಿತ್ತು.

ಆಟ ಮುಗಿದ ಮೇಲೆ ಹುಡುಗಿಯ ಅಪ್ಪ ಹತ್ತಿರ ಬಂದು ನನ್ನ ತಲೆಯನ್ನೇ ನೋಡಿದರು. "ಫೋಟೋದಾಗೆ ಇದು ಕಾಣ್ನಿಲ್ವಲ್ಲ ಮೇಷ್ಟ್ರೇ!" ಭಾವ ಸುಮ್ಮನೆ ಕೆಮ್ಮಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಟೋಪಿ ಬಿದ್ರೂ ತಲೆ ಮುಚ್ಕೊಳ್ಳೋಕೆ ಹೋಗ್ಲಿಲ್ಲ ಅಪ್ಪ," ಎಂದಳು ಹುಡುಗಿ. "ಅಷ್ಟು ಜನ ನಕ್ರೂ ಎತ್ತಿದ ಕೈ ಇಳಿಸ್ಲಿಲ್ಲ. ನಂಗೆ ಇವ್ರೇ ಆಗ್ಲಿ."

ಇಂದಿಗೂ ಮನೆಗೆ ಬಂದ ನೆಂಟರಿಗೆಲ್ಲ ನನ್ನ ಹೆಂಡತಿ ಈ ಮಾತನ್ನು ಹೆಮ್ಮೆಯಿಂದ ಹೇಳುತ್ತಾಳೆ. ನಾನು ತಲೆ ತಗ್ಗಿಸಿ ನಗುತ್ತೇನೆ. ಹಣೆ ಬಿಗಿಯಾಗಿಯೇ ಇದ್ದುದರಿಂದ ಟೋಪಿ ಬಿದ್ದದ್ದೇ ನನಗೆ ಗೊತ್ತಾಗಿರಲಿಲ್ಲ ಅಂತ ಅವಳಿಗೆ ಇನ್ನೂ ಹೇಳಿಲ್ಲ.