ಗಾಡಿ ಕೆಟ್ಟಿರಲಿಲ್ಲ, ಅತ್ತಿಗೆ

ಅತ್ತಿಗೆ, ಆ ಭಾನುವಾರ ಗಾಡಿ ಕೆಟ್ಟಿರಲಿಲ್ಲ. ಕೆಂಪು ದೀಪದ ಮುಂದೆ ಎಂಜಿನ್ ಆಫ್ ಮಾಡಿದವನು ನಾನೇ — ಬೇಕೆಂದೇ.

ಹಿಂದಿನ ಸೀಟಿನಲ್ಲಿ ಅಣ್ಣ ಎದೆ ಹಿಡಿದುಕೊಂಡು ನಿಮ್ಮ ಹೆಗಲಿಗೆ ಒರಗಿದ್ದ. ವೆಸ್ಟ್ ಮಾಂಬಲಂ ಮನೆಯಿಂದ ಕೀಲ್ಪಾಕ್ ಆಸ್ಪತ್ರೆಗೆ ಹೊರಟಿದ್ದೆವು. ಸುಡುವ ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. "ಸೀನು, ಯಾರೂ ಇಲ್ವಲ್ಲೋ, ಹೋಗೋ!" ಎಂದು ನೀವು ಕೂಗಿದಿರಿ. ನಾನು ಕಂಬದ ಮೇಲಿನ ಕ್ಯಾಮೆರಾ ನೋಡುತ್ತಿದ್ದೆ.

ಕಾರು ನಮ್ಮ ಕಂಪನಿಯ ಹೆಸರಿನಲ್ಲಿತ್ತು. ಸಿಗ್ನಲ್ ದಾಟಿದರೆ ಕ್ಯಾಮೆರಾ ಹಿಡಿಯುವುದು ನಂಬರನ್ನು, ಓಡಿಸಿದವನ ಮುಖವನ್ನಲ್ಲ. ನೋಟಿಸು ಹೋಗುವುದು ಗಾಡಿಯ ಮಾಲೀಕರಿಗೆ. ಹಿಂದೊಮ್ಮೆ ಹಾಗೆ ನೋಟಿಸು ಹೋದಾಗ, "ನೀನು ಮಾಡಿದ್ದಕ್ಕೆ ನಾವು ಉತ್ತರ ಹೇಳಬೇಕೇ? ಇನ್ನೊಂದು ಬಂದರೆ ಕೆಲಸವಿಲ್ಲ" ಎಂದು ಮ್ಯಾನೇಜರು ಎಲ್ಲರೆದುರು ನನ್ನ ಮಾನ ಹರಾಜು ಹಾಕಿದ್ದರು. ರಜೆಯ ದಿನ ಕಾರು ಮನೆಗೆ ತರಕೂಡದೆಂಬ ನಿಯಮ ಬೇರೆ. ಬೀಚಿಗೆ ಹೋಗಲೆಂದು ಕದ್ದು ತಂದಿದ್ದೆ. ಕೆಲಸ ಹೋದರೆ — ಅಷ್ಟೇ ನನ್ನ ತಲೆಯಲ್ಲಿ. ಅಣ್ಣ ಉಸಿರಿಗಾಗಿ ಒದ್ದಾಡುವುದು ಕೇಳಿಸುತ್ತಿತ್ತು, ಆದರೂ ಅದೇ. ಥೂ, ನನ್ನ ಜನ್ಮಕ್ಕಿಷ್ಟು!

ಕೀಲಿ ತಿರುಗಿಸಿದೆ. "ಆಫ್ ಆಗ್ಹೋಯ್ತು ಅತ್ತಿಗೆ, ಸ್ಟಾರ್ಟೇ ಆಗ್ತಿಲ್ಲ" ಎಂದೆ. ಹಸಿರು ಬಂದ ಮೇಲೆ ಸ್ಟಾರ್ಟ್ ಮಾಡಿದೆ. ಮುಂದಿನ ಸಿಗ್ನಲ್ಲಿನಲ್ಲೂ ಅದೇ ನಾಟಕ. ಅಷ್ಟರಲ್ಲಿ ನೀವು ಅಣ್ಣನ ಮುಖ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ನಾಡಿ ಹಿಡಿದು, "ಕೊಂಜಂ ಮುನ್ನಾಡಿ ವಂದಿರುಂದಾ…" ಎಂದು ನಿಲ್ಲಿಸಿದರು. ಸ್ವಲ್ಪ ಮುಂಚೆ ಬಂದಿದ್ದರೆ.

ಆ ಮಾತನ್ನು ನೀವು ನಿಮ್ಮ ತಲೆಗೆ ಕಟ್ಟಿಕೊಂಡಿರಿ. ಗಾಡಿ ಕೆಟ್ಟರೆ ಸೀನು ಏನು ಮಾಡಿಯಾನು, ಹೊರಡುವಾಗ ಬೀಗ ಹುಡುಕುತ್ತಾ ನಿಂತವಳು ನಾನು — ಎಂದು ಬಂದವರೆದುರೆಲ್ಲ ಅತ್ತಿರಿ. ಈಗಲೂ ಪ್ರತಿ ತಿಥಿಗೆ, "ಬಾಗಿಲು ಹಾಳಾಗ್ಹೋಗ್ಲಿ ಅಂತ ಹಾಗೇ ಬಂದಿದ್ರೆ ನಿಮ್ಮಣ್ಣ ಇರ್ತಿದ್ರು ಕಣೋ" ಎನ್ನುತ್ತೀರಿ. "ಬಿಡಿ ಅತ್ತಿಗೆ, ಹಣೆಬರಹ" ಎಂದು ನಾನು — ನಾನು! — ನಿಮ್ಮನ್ನು ಸಮಾಧಾನ ಮಾಡಿದ್ದೇನೆ. ನೀವು ಬಡಿಸಿದ ವಡೆ ತಿಂದು ಎದ್ದು ಬಂದಿದ್ದೇನೆ.

ಆಸ್ಪತ್ರೆಯ ಚೀಟಿ ತೋರಿಸಿದ್ದರೆ ಮ್ಯಾನೇಜರು ಕೂಡ ಸುಮ್ಮನಾಗುತ್ತಿದ್ದರೋ ಏನೋ. ಹೋಗಲಿ, ಕೆಲಸ ಹೋಗೇಬಿಡುತ್ತಿತ್ತು ಎಂದೇ ಇಟ್ಟುಕೊಳ್ಳಿ — ಅಣ್ಣನ ಜೀವಕ್ಕಿಂತ ಅದು ನನಗೆ ಹೆಚ್ಚಾಯಿತಲ್ಲ.

ನಾಳೆ ಬಂದು ಇದನ್ನೇ ನಿಮ್ಮೆದುರು ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಬೈಯಿರಿ, ಹೊಡೆಯಿರಿ, ಇನ್ನು ಮುಖ ತೋರಿಸಬೇಡ ಎನ್ನಿ. ಆದರೆ ಅಣ್ಣನನ್ನು ಕಳೆದದ್ದು ನೀವೆಂದು ಇನ್ನೊಂದು ದಿನವೂ ಅಂದುಕೊಳ್ಳಬೇಡಿ, ಅತ್ತಿಗೆ. ಕಳೆದವನು ನಾನು.