ದಡ್ಡರ ಪರೀಕ್ಷೆ ಮತ್ತು ವತ್ಸಲಾಬಾಯಿ

ವತ್ಸಲಾಬಾಯಿ ಘುಗೆ ನಮ್ಮ ಬಾಲನ್ಯಾಯ ಮಂಡಳಿಗೆ ಸದಸ್ಯೆಯಾಗಿ ಬಂದ ದಿನವೇ ನನಗೆ ಬೈದರು. ನಾನು ಅಲ್ಲಿನ ಸಿಪಾಯಿ, ಸೋನಕಾಂಬಳೆ. ಗೋಡೆಯ ಮೇಲಿನ ಆನೆಯ ಚಿತ್ರಕ್ಕೆ ಧೂಳು ಹತ್ತಿದೆ ಎಂಬುದು ಅವರ ತಕರಾರು. ಆನೆ ಬರೆಸುವ ಬುದ್ಧಿ ನನ್ನದಲ್ಲ. ಮಕ್ಕಳು ಹೆದರಬಾರದು, ಕೋರ್ಟು ಕೋರ್ಟಿನ ಹಾಗೆ ಕಾಣಬಾರದು ಎಂದು ಮುಂಬಯಿಯಿಂದ ಹುಕುಂ ಬಂದಿತ್ತು. ಕಟಕಟೆ ಕಿತ್ತೆವು, ಆನೆ ಬರೆಸಿದೆವು, ಮ್ಯಾಜಿಸ್ಟ್ರೇಟ್ ಮೇಡಂ ಅವರನ್ನು ಪುಟ್ಟ ಕುರ್ಚಿಯಲ್ಲಿ ಕೂರಿಸಿದೆವು. ಆನೆಯ ಕೆಳಗೆ ಬಂದು ಕೂರುತ್ತಿದ್ದವರೋ, ಬಾಗಿಲಿಗೆ ತಲೆ ಬಗ್ಗಿಸಿ ಒಳಬರುವ ಮೀಸೆಯ ಹುಡುಗರು.

ಬಾಯಿಯವರ ಗಂಡ ಸಕ್ಕರೆ ಕಾರ್ಖಾನೆಯಲ್ಲಿದ್ದು ಬೇಗ ತೀರಿಕೊಂಡ. ಮಕ್ಕಳಿಲ್ಲ. ಅಂಗನವಾಡಿಯಲ್ಲೇ ಆಯುಷ್ಯ ಸವೆಸಿದರು. ಅರ್ಧ ತಾಲೂಕು ಅಕ್ಷರ ಕಲಿತದ್ದು ಅವರ ಹತ್ತಿರವೇ, ನನ್ನ ತಮ್ಮಂದಿರೂ ಸೇರಿ. ಅವರದೊಂದು ಚಾಳಿ ಇತ್ತು. ಮಗು ಗೊತ್ತಿಲ್ಲ ಅಂದರೆ ಬಿಡುತ್ತಿರಲಿಲ್ಲ. ಗದ್ದ ಹಿಡಿದು, ಉತ್ತರ ಬರುವವರೆಗೆ ಎದುರು ಕೂತುಬಿಡುತ್ತಿದ್ದರು. ಮಿಕ್ಕ ಮಕ್ಕಳು ಖಿಚಡಿ ಆರುವುದನ್ನು ನೋಡುತ್ತ ಕಾಯಬೇಕು.

ಇನ್ನು ಕಾನೂನಿನ ಚಂದ ಕೇಳಿ. ಹದಿನಾರು ದಾಟಿದ ಹುಡುಗ ಕೊಲೆಯಂಥದ್ದು ಮಾಡಿದರೆ, ಅದರ ಪರಿಣಾಮ ಅವನಿಗೆ ತಿಳಿಯುತ್ತಿತ್ತೇ ಎಂದು ಮಂಡಳಿ ನೋಡಬೇಕು. ತಿಳಿಯುತ್ತಿತ್ತು ಅಂದರೆ ದೊಡ್ಡವರ ಕೋರ್ಟು, ಮುಂದೆ ದೊಡ್ಡವರ ಜೈಲು. ಇಲ್ಲ ಅಂದರೆ ಒಂದಷ್ಟು ವರ್ಷ ಮಕ್ಕಳ ಸುಧಾರಣಾ ಗೃಹ. ಹಿಂದಿನ ವರ್ಷ ಒಬ್ಬ ಹುಡುಗ ಅತ್ತು, ತಪ್ಪಾಯಿತು, ಅವರ ಮನೆ ಹಾಳು ಮಾಡಿದೆ ಎಂದು ಮನಸಾರೆ ಹೇಳಿಕೊಂಡ. ಇಷ್ಟು ತಿಳಿದವನು ಮಗುವಲ್ಲ ಎಂದು ಅವನನ್ನು ದೊಡ್ಡ ಕೋರ್ಟಿಗೆ ಸಾಗಿಸಿದರು. ಸುದ್ದಿ, ವಿಚಾರಣೆಗೆ ಕಾದಿರುವ ಹುಡುಗರ ನಿಲಯಕ್ಕೆ ಮುಟ್ಟಿದ್ದೇ ತಡ, ಅಲ್ಲಿ ಒಬ್ಬನಿಗೂ ವಾರಗಳ ಹೆಸರು ನೆನಪಿಲ್ಲ. ಕೇರಂನಲ್ಲಿ ವಾರ್ಡನನ್ನೇ ಸೋಲಿಸುತ್ತಿದ್ದವನು, ಅನ್ನ ಯಾವ ಕೈಯಲ್ಲಿ ಉಣ್ಣೋದು ಎಂದು ಅಡುಗೆಯವಳನ್ನು ಕೇಳಿದನಂತೆ.

ಅಂಥ ಹೊತ್ತಿನಲ್ಲಿ ನಾಗನಾಥ ತಿಡಕೆಯ ಸರದಿ ಬಂತು. ಮೊಬೈಲಿನ ಚಾರ್ಜರಿಗಾಗಿ ಜಗಳವಾಡಿ, ಗೆಳೆಯ ಪ್ರಹ್ಲಾದನನ್ನು ಕಲ್ಲಿನಿಂದ ಹೊಡೆದು ಕೊಂದಿದ್ದ. ಚಾರ್ಜರಿಗಾಗಿ! ಒಂದು ಕಡೆ ಅವನ ತಾಯಿ ರುಕ್ಮಿಣಬಾಯಿ ಕೂತಳು, ಇನ್ನೊಂದು ಕಡೆ ಪ್ರಹ್ಲಾದನ ಅಪ್ಪ ಮಾಣಿಕರಾವ್.

"ಹಡದಾಕಿ ನಾ ಹೇಳ್ತೀನ್ರಿ ಮೇಡಂ, ಇದು ಮಣ್ಣಿನ ಮುದ್ದಿ," ಎಂದಳು ರುಕ್ಮಿಣಬಾಯಿ. "ಉಪ್ಪು ತಾ ಅಂದ್ರ ಸಕ್ಕರಿ ತರ್ತಾನ. ಹತ್ತನೇ ಕ್ಲಾಸ್ ಪಾಸಾಗಿದ್ದೂ ಮಂದೀದು ನೋಡಿ ಬರದು."

ಮಾಣಿಕರಾವ್ ಎದ್ದು ನಿಂತ. "ಸುಳ್ಳ್ರಿ. ಇಂಥ ಶಾಣ್ಯಾ ಹುಡುಗ ನಮ್ಮ ಗಲ್ಲಿಯೊಳಗ ಇನ್ನೊಬ್ಬ ಇಲ್ಲ. ನನ್ನ ಮಗಗ ಗಣಿತ ಹೇಳಿಕೊಡಾವ ಇವನ. ನಮ್ಮ ಬೋರಿನ ಮೋಟರ್ ಕೆಟ್ರ ರಿಪೇರಿ ಮಾಡಾವ ಇವನ. ಇವನ್ನ ನೋಡಿ ಕಲಿ ಅಂತ ಪ್ರಹ್ಲಾದಗ ದಿನಾ ಬೈತಿದ್ದೆ."

"ಅಣ್ಣಾ, ಕೈ ಮುಗೀತೀನಿ, ನನ್ನ ಮಗನ್ನ ಹೊಗಳಬ್ಯಾಡ."

"ಹೊಗಳಾಕ ಬಂದೀನವ್ವಾ ನಾ. ಇನ್ನೂ ಹೊಗಳ್ತೀನಿ."

ಕೊಂದವನನ್ನು ಹೆತ್ತವಳು ಜರೆಯುವುದು, ಮಗನನ್ನು ಕಳೆದುಕೊಂಡವನು ಕೊಂಡಾಡುವುದು. ನಾನು ಆನೆಯ ಕಡೆ ಮುಖ ತಿರುಗಿಸಿ ನಿಂತೆ. ಗುಮಾಸ್ತ ಎರಡನ್ನೂ ಶ್ರದ್ಧೆಯಿಂದ ಬರೆದುಕೊಂಡ.

ಮೇಡಂ ಹುಡುಗನನ್ನು ಕೇಳಿದರು. "ಕಲ್ಲಿನಿಂದ ತಲಿಗೆ ಹೊಡದ್ರ ಏನಾಗತದ?"

"ಗೊತ್ತಿಲ್ರಿ."

"ಸತ್ತವರು ತಿರುಗಿ ಬರ್ತಾರೇನು?"

"ಗೊತ್ತಿಲ್ರಿ."

ಹೀಗೇ ಹೇಳು ಎಂದು ಪಾಠ ಹೇಳಿಕೊಟ್ಟಿದ್ದ, ಹುಡುಗನ ವಕೀಲ ಲಾಹೋಟಿಯ ಮುಖ ಅರಳಿತು. ಇನ್ನೆರಡು 'ಗೊತ್ತಿಲ್ಲ' ಬಿದ್ದಿದ್ದರೆ ಹುಡುಗ ಉಳಿಯುತ್ತಿದ್ದ. ಆದರೆ ವತ್ಸಲಾಬಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಅವನ ಗದ್ದ ಹಿಡಿದರು.

"ಗೊತ್ತೈತಿ. ಹೇಳು."

"ಅಕ್ಕೋರೇ, ಹಂಗ ಕೇಳಬಾರದ್ರಿ," ಎಂದ ವಕೀಲ.

"ನೀ ಸುಮ್ಮನ ಕೂಡೋ. ನಿನಗೂ ನಾನ ಕಲಿಸೀನಿ."

ಹುಡುಗ ಅವರ ಮುಖ ನೋಡಿದ. ಆಮೇಲೆ ಮಾಣಿಕರಾವ್ ಕಡೆ ತಿರುಗಿದ.

"ಗೊತ್ತಿತ್ತು, ಕಾಕಾ. ಮೊದಲನೇ ಏಟಿಗೇ ಗೊತ್ತಾತು. ಎರಡನೇದು ಗೊತ್ತಿದ್ದೇ ಹೊಡದೆ. ನೀರು ನೀರು ಅಂದ. ಬೊಗಸ್ಯಾಗ ತಂದು ಕುಡಿಸ್ದೆ, ಇಳೀಲಿಲ್ಲ. ಮತ್ತ ತಂದೆ. ಅವ ತಿರುಗಿ ಬರಂಗಿಲ್ಲ, ಕಾಕಾ."

ರುಕ್ಮಿಣಬಾಯಿ ಹಣೆ ಚಚ್ಚಿಕೊಂಡಳು. ವಕೀಲ ಫೈಲು ಮುಚ್ಚಿದ. ಮಾಣಿಕರಾವ್ ಗೆದ್ದಿದ್ದ. ಗೆದ್ದವನು ಟೋಪಿ ತೆಗೆದು ಮುಖ ಒರೆಸಿಕೊಂಡ.

"ಮೇಡಂ, ನಾ ಹೇಳಿದ್ದು ಅಳಿಸ್ರಿ," ಎಂದ. "ಇವಗ ಬುದ್ಧಿ ಇಲ್ಲ. ಬುದ್ಧಿ ಇದ್ದಾವ ಓಡಿ ಹೋಗತಿದ್ದ. ಇವ ಪೊಲೀಸರು ಬರೂತನಕ ನೀರು ಕುಡಿಸ್ಕೋತ ಕೂತಾನ."

"ಶಾಣ್ಯಾ ಅಂತ ಈಗಷ್ಟೇ ನೀವೇ ಹೇಳೀರಲ್ಲ. ಬರದಾಗೇದ," ಎಂದರು ಮೇಡಂ. ಅವರ ದನಿಯೂ ಸರಿಯಿರಲಿಲ್ಲ, ಸುಳ್ಳು ಹೇಳಬಾರದು.

ಇವನಿಗೆ ಎಲ್ಲ ತಿಳಿದಿತ್ತು ಎಂದು ಮೇಡಂ ಬರೆದರು, ವತ್ಸಲಾಬಾಯಿ ಒಪ್ಪಲಿಲ್ಲ. ಇವನು ಮಗುವೇ ಎಂದು ಬರೆದು ಸಹಿ ಹಾಕಿದರು. ಮಂಡಳಿಯ ಮೂರನೇ ಕುರ್ಚಿ ಖಾಲಿ ಬಿದ್ದಿತ್ತು. ಇದ್ದಿಬ್ಬರು ಎದುರುಬದುರಾದರೆ ಮ್ಯಾಜಿಸ್ಟ್ರೇಟರ ಮಾತೇ ನಡೆಯಬೇಕು. ನಡೆಯಿತು. ಹುಡುಗನನ್ನು ದೊಡ್ಡ ಕೋರ್ಟಿಗೆ ಕಳಿಸಿದರು.

ಆಮೇಲೆ ಬಾಯಿಯವರು ಮುಂಬಯಿಗೆ ಬರೆದೇ ಬರೆದರು. ಖರೆ ಹೇಳಿದವನಿಗೆ ದೊಡ್ಡ ಜೈಲು, ಸುಳ್ಳು ಹೇಳಿದವನಿಗೆ ಸಣ್ಣದು, ಇದನ್ನು ತಿದ್ದಿ ಎಂದು. ಅಲ್ಲಿಂದ ಒಂದು ಜಿರಾಫೆಯ ಚಿತ್ರ ಬಂತು. ಅಂಟಿಸುವವನು ನಾನೇ, ಇನ್ಯಾರು? ಸಿಟ್ಟಿಗೆ ತಲೆಕೆಳಗಾಗಿ ಅಂಟಿಸಿದೆ. ಯಾರೂ ಕೇಳಲಿಲ್ಲ.

ಕೆಲಸ ಬಿಡಲಿಲ್ಲ ಅವರು. ದೊಡ್ಡ ಕೋರ್ಟಿನ ಪ್ರತಿ ತಾರೀಖಿಗೂ ಎಸ್.ಟಿ. ಬಸ್ಸಿನಲ್ಲಿ ಹೋಗುತ್ತಾರೆ, ಈ ಪಕ್ಕ ರುಕ್ಮಿಣಬಾಯಿ, ಆ ಪಕ್ಕ ಮಾಣಿಕರಾವ್. ಒಮ್ಮೆ ನಾನೂ ಹೋಗಿದ್ದೆ. ಮಾಣಿಕರಾವ್ ಕಂಡಕಂಡ ವಕೀಲರಿಗೆ ಆ ಹುಡುಗ ಎಂಥ ದಡ್ಡ ಎಂದು ವಿವರಿಸುತ್ತಿದ್ದ. ಯಾರೂ ನಂಬಲಿಲ್ಲ.

ಸಂಜೆ ನಾಗನಾಥನನ್ನು ಹೊರಗೆ ಕರೆತಂದರು. ಬಾಯಿಯವರನ್ನು ಕಂಡು ನಿಂತ.

"ಅಕ್ಕೋರೇ, ನಾ ಹೇಳಿದ ಉತ್ತರ ಸರಿ ಇತ್ತಲ್ರಿ?"

"ಸರಿ ಇತ್ತಪ್ಪಾ," ಎಂದರು ವತ್ಸಲಾಬಾಯಿ. "ಪೂರಾ ಸರಿ ಇತ್ತು."

ಪೊಲೀಸರು ಅವನನ್ನು ವ್ಯಾನು ಹತ್ತಿಸಿದರು.