ಬೆನ್ನ ಮೇಲಿನ ನಡುಗಡ್ಡೆ

ಬೆಳಿಗ್ಗೆ ಎದ್ದು ಹಾಸಿಗೆ ಕೊಡವಿದರೆ ನಾನೇ ಒಂದಿಷ್ಟು ಉದುರುತ್ತೇನೆ. ಗುಡಿಸಿ ಹೊರಗೆ ಹಾಕುವುದೂ ನಾನೇ. ಚರ್ಮವೇ ದೇಹದ ಅತಿ ದೊಡ್ಡ ಅಂಗ ಎಂದು ಇಳಕಲ್ಲಿನ ಶಾಲೆಯಲ್ಲಿ ವರ್ಷವರ್ಷವೂ ಪಾಠ ಹೇಳಿದವಳು ನಾನು. ಆದರೆ ನನ್ನ ಮಾತನ್ನು ನಾನೇ ನಂಬಿರಲಿಲ್ಲ. ಹೃದಯ, ಮೆದುಳು ಇರುವಾಗ ಈ ಹೊದಿಕೆಯದೇನು ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಈಗ ತಿಳಿದಿದೆ. ಹೃದಯ ಕೆಟ್ಟರೆ ಊರಿಗೆ ಕಾಣುವುದಿಲ್ಲ.

ನನ್ನ ರೋಗದ ಹೆಸರು ಪಿಟಿರಿಯಾಸಿಸ್ ರೂಬ್ರಾ ಪಿಲಾರಿಸ್. ಕೇಳಿದರೆ ಯಾವುದೋ ದೇಶದ ರಾಣಿಯ ಹೆಸರೆನಿಸುತ್ತದೆ. ಬಿಡಿಸಿ ನೋಡಿದರೆ ತೌಡು, ಕೆಂಪು, ಕೂದಲು, ಇಷ್ಟೇ. ಹೆಸರಿಟ್ಟ ಪುಣ್ಯಾತ್ಮ ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದಾನೆ. ನೆತ್ತಿಯಲ್ಲಿ ಹೊಟ್ಟಿನಂತೆ ಶುರುವಾಗಿ ಮೆಲ್ಲಗೆ ಕೆಳಗಿಳಿಯಿತು. ಕೂದಲ ಬುಡಗಳೆಲ್ಲ ಗಟ್ಟಿಯಾಗಿ ತೋಳು ತುರಿಮಣೆಯಾಯಿತು. ಅಂಗೈ ಮೇಣ ಬಳಿದಂತೆ ಹಳದಿಗಟ್ಟಿ ದಪ್ಪಗಾಯಿತು. ಸೀಮೆಸುಣ್ಣ ಹಿಡಿದರೆ ಜಾರುತ್ತದೆ. ಓಣಿಯವರು ನಾಗದೋಷ ಎಂದರು. ಊರ ಬಾಯಿ ಮುಚ್ಚಲಾದೀತೆ? ವಿಜ್ಞಾನದ ಟೀಚರಾದ ನಾನೂ ಹೋಗಿ ಹುತ್ತಕ್ಕೆ ಹಾಲೆರೆದು ಬಂದೆ. ಹಾವು ಒಮ್ಮೆ ಪೊರೆ ಬಿಟ್ಟು ನಡೆದುಬಿಡುತ್ತದೆ, ನಾನು ಬಿಡುತ್ತಲೇ ಇದ್ದೆ.

ಕೊನೆಗೆ ಬಾಗಲಕೋಟೆಯ ಡಾಕ್ಟರೊಬ್ಬರು ಬೆನ್ನಿನಿಂದ ಜೋಳದ ಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆ ಮಾಡಿಸಿದರು. ಟೀಚರು ಎಂಬ ಸಲುಗೆಗೆ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಚರ್ಮದ ಜೀವಕೋಶಗಳು ಮೇಲೇರಿ ಸಾಯುವಾಗ ತಮ್ಮೊಳಗಿನ ಬೀಜವನ್ನು, ಅಂದರೆ ಕೋಶಕೇಂದ್ರವನ್ನು, ಕಳೆದುಕೊಳ್ಳಬೇಕು. ನನ್ನಲ್ಲಿ ಒಂದಿಷ್ಟು ಕಳೆದುಕೊಂಡಿದ್ದವು, ಪಕ್ಕದವು ಹಿಡಿದುಕೊಂಡೇ ಕೂತಿದ್ದವು. ಮೇಲಿಂದ ಕೆಳಗೆ ನೋಡಿದರೂ ಅದೇ ಸರದಿ, ಅಡ್ಡ ನೋಡಿದರೂ ಅದೇ. ಡಾಕ್ಟರು ಚದುರಂಗದ ಮಣೆ ಎಂದರು. ನನಗೆ ಕಂಡದ್ದು ಚೌಕಳಿ ಸೀರೆ. ಇಳಕಲ್ಲಿನವಳಿಗೆ ಇನ್ನೇನು ಕಂಡೀತು? ಒಳಗೆ ಇಷ್ಟು ಅಚ್ಚುಕಟ್ಟಾಗಿ ನೇಯ್ದು ಹೊರಗೆ ಹೀಗೆ ಮಾಡಿದ್ದಕ್ಕೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಇದು ಅಂಟುವ ರೋಗವಲ್ಲ, ಕೆಲವು ವರ್ಷಗಳಲ್ಲಿ ತಾನಾಗಿಯೇ ಹೋಗಲೂಬಹುದು ಎಂದು ಡಾಕ್ಟರು ಸಮಾಧಾನ ಹೇಳಿದರು.

ಈ ರೋಗಕ್ಕೆ ಒಂದು ದೊಡ್ಡ ಗುಣವೂ ಇದೆ. ಮೈಯೆಲ್ಲ ಕೆಂಪಾದರೂ ನಡುನಡುವೆ ಅಂಗೈಯಗಲ ಚರ್ಮವನ್ನು ಮುಟ್ಟದೆ ಬಿಡುತ್ತದೆ. ಹಿನ್ನೀರು ಏರಿದಾಗ ಮುಳುಗದೆ ಉಳಿದ ದಿಬ್ಬಗಳನ್ನು ನಮ್ಮ ಕಡೆಯವರಾದರೆ ಕಂಡೇ ಇರುತ್ತೀರಿ. ನನ್ನ ಎಡಹೆಗಲ ಕೆಳಗೂ ಅಂಥದೊಂದು ನಡುಗಡ್ಡೆಯಿದೆಯಂತೆ. ನನ್ನ ಬೆನ್ನು ನನಗೆ ಕಾಣುವುದಿಲ್ಲ. ಕಂಡವಳು ತಮ್ಮನ ಹೆಂಡತಿ ಸುವರ್ಣಾ. ಹೆರಿಗೆಗೆಂದು ಕೆರೂರಿನ ತವರಿಗೆ ಹೋಗುವ ತನಕ ದಿನಾ ಮುಲಾಮು ಹಚ್ಚಿದವಳು ಅವಳೇ. ಆ ಜಾಗಕ್ಕೆ ಬಂದಾಗ ಬೆರಳಿಟ್ಟು ಹೇಳುತ್ತಿದ್ದಳು: “ಇಲ್ಲಿ ಹಚ್ಚೂದು ಬ್ಯಾಡ್ರಿ ಅಕ್ಕಾರ. ಇಲ್ಲಿ ನೀವು ಮೊದಲಿನಂಗ ಅದೀರಿ.”

ಅವಳಿಗೆ ಹೆಣ್ಣುಮಗುವಾಯಿತು. ಬಹಳ ವರ್ಷ ಕಾದು ಆದ ಮಗು. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ತಮ್ಮನಿಗೆ ಇರುವ ಅಕ್ಕ ನಾನೊಬ್ಬಳೇ. ಆದರೆ ಸುವರ್ಣಾಳ ತಾಯಿ, ಈ ಸಲ ಅಳಿಯನ ಚಿಕ್ಕಪ್ಪನ ಮಗಳ ಕೈಯಲ್ಲಿ ಹೆಸರಿಡಿಸೋಣ, ಅಕ್ಕಾರು ಬಂದು ಉಂಡು ಹೋಗಲಿ ಎಂದರಂತೆ. ತಮ್ಮ ಫೋನಿನಲ್ಲಿ ಇದನ್ನು ಹೇಳಲಾರದೆ ಹೇಳಿದ. ನನಗೆ ಬಹಳ ನೋವಾಯಿತು. ಆಕೆಯ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ, ಆ ಎಳೆಯ ಕಿವಿಯ ಹತ್ತಿರ ನನ್ನ ಕೈ ಒಯ್ಯಲು ನನಗೂ ಅಂಜಿಕೆಯೇ. ಹೋಗುವುದೇ ಬೇಡ ಎಂದು ಕೂತಿದ್ದಾಗ ಸುವರ್ಣಾ ಫೋನು ಮಾಡಿದಳು.

“ನೀವು ಬರೂತನಕ ಕೂಸಿಗೆ ಹೆಸರಿಲ್ಲ ನೋಡ್ರಿ.”

ಹೋದೆ. ತುಂಬುತೋಳಿನ ರವಿಕೆ ತೊಟ್ಟು, ಸೆರಗು ಬಿಗಿಯಾಗಿ ಹೊದ್ದು, ತೊಟ್ಟಿಲ ಮೇಲೆ ಬಾಗಿ, ಕೂಸನ್ನು ಮುಟ್ಟದೆ ನೀಲಾ ಎಂದು ಉಸುರಿದೆ. ಹಾಗೆ ಬಾಗಿದ ಸೋದರತ್ತೆಯ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದುವುದು ನಮ್ಮ ಕಡೆಯ ಪದ್ಧತಿ. ಹಿಂದೆ ಸಂಬಂಧಿಕರ ಕೂಸಿಗೆ ಹೆಸರಿಟ್ಟಾಗ ತಿಂದ ಗುದ್ದಿಗೆ ಮನೆಗೆ ಬಂದು ಶಪಿಸಿದ್ದೆ. ಈಗ ಒಂದೂ ಬೀಳಲಿಲ್ಲ. ಎತ್ತಿದ ಕೈಗಳು ಬೆನ್ನು ಮುಟ್ಟದೆಯೇ ಇಳಿದದ್ದು ಬಳೆ ಸದ್ದಿನಿಂದಲೇ ತಿಳಿಯಿತು. ನೋಯಿಸಬಾರದೆಂದೋ, ಮುಟ್ಟಬಾರದೆಂದೋ, ಬಾಗಿದವಳಿಗೆ ಎರಡೂ ಒಂದೇ.

ಆಗ ಎಡಹೆಗಲ ಕೆಳಗೆ ಧಪ್ಪೆಂದು ಒಂದು ಗುದ್ದು ಬಿತ್ತು. ಸರಿಯಾಗಿ ನಡುಗಡ್ಡೆಯ ಮೇಲೆ. ಒಂದಿಷ್ಟೂ ಉರಿಯಲಿಲ್ಲ.

“ಹೆಸರಿಟ್ಟಾಕಿನ್ನ ಹಂಗ ಬಿಡಾಕ ಬರ್ತೈತೇನ ಯವ್ವಾ?” ಎಂದು ಸುವರ್ಣಾ ತನ್ನ ತಾಯಿಯನ್ನು ಕೇಳುತ್ತಿದ್ದಳು.

ಆಮೇಲೆ ಇನ್ನೊಂದು ಗುದ್ದು ಬಿತ್ತು, ವಯಸ್ಸಾದ ಕೈಯದು, ಅಳುಕುತ್ತ ಬಂದದ್ದು. ಪಾಪ, ಆ ತಾಯಿಗೆ ನಡುಗಡ್ಡೆ ಎಲ್ಲಿದೆಯೆಂದು ಗೊತ್ತಿಲ್ಲ. ಗುದ್ದು ಕೆಂಪಿನ ಮೇಲೆಯೇ ಬಿದ್ದು ಚುರ್ರೆಂದು ಉರಿಯಿತು, ಕಣ್ಣಲ್ಲಿ ನೀರು ಬಂತು. ಹೆಸರು ಹೇಳಿ ಮುಗಿದಿತ್ತು, ತಲೆಯೆತ್ತಬಹುದಿತ್ತು. ಎತ್ತಲಿಲ್ಲ, ಇನ್ನೊಂದು ಬಿದ್ದರೆ ಬೀಳಲಿ ಎಂದು ಬಾಗಿಯೇ ನಿಂತಿದ್ದೆ.